ಅಕ್ಕ ಮಾಡದ ಫೋನು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕತೆಗಳನ್ನು ನಂಬುವ ಜಾತಿಯವನಲ್ಲ ನಾನು. ಯಾರಾದರೂ ತಮಗಾದ ವಿಚಿತ್ರವನ್ನು ಹೇಳಲು ಶುರು ಮಾಡಿದರೆ ಒಂದೋ ಎದ್ದು ಹೋಗುತ್ತಿದ್ದೆ, ಇಲ್ಲವೇ ಪೂರ್ತಿ ಕೇಳಿ, ಆಮೇಲೆ ಒಂದೊಂದೇ ಪ್ರಶ್ನೆ ಹಾಕಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಮೂವತ್ತು ವರ್ಷಕ್ಕೂ ಮೇಲೆ ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ದುಡಿದವನು. ಬಸವಕಲ್ಯಾಣದಲ್ಲಿ ಮನೆ, ಮುಡಬಿಯ ಸುತ್ತಲಿನ ಹಳ್ಳಿಗಳಲ್ಲಿ ತಿರುಗಾಟ. ಜನ ನನ್ನನ್ನು ದನದ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಎಮ್ಮೆ ಹಾಲು ಕಡಿಮೆ ಮಾಡಿದರೆ ದೃಷ್ಟಿ ತೆಗೆಯುವವರ ಜೊತೆ ಎಷ್ಟು ಸಲ ಜಗಳಾಡಿದ್ದೇನೋ ಲೆಕ್ಕವಿಲ್ಲ. ಜ್ವರದಿಂದ ಮಲಗಿದ ಎತ್ತಿನ ಕೊರಳಿನ ತಾಯತ ಕತ್ತರಿಸಿ, ಸೂಜಿ ಚುಚ್ಚಿ, ಮರುದಿನ ಎತ್ತು ಎದ್ದು ಮೇವು ತಿನ್ನುವಾಗ ಆ ತಾಯತವನ್ನು ಯಜಮಾನನ ಅಂಗೈಯಲ್ಲಿಟ್ಟು ಬಂದಿದ್ದೇನೆ. ಅಹಂಕಾರ ಅನ್ನಿ, ಬೇಸರವಿಲ್ಲ.

ಆದ್ದರಿಂದ ಇದನ್ನು ಓದಿ ನೀವು ನಂಬಬೇಕೆಂದು ನಾನು ಬೇಡಿಕೊಳ್ಳುವುದಿಲ್ಲ. ನಂಬದಿದ್ದರೆ ನನಗೇನೂ ನಷ್ಟವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ಆರು ವರ್ಷದ ಹಿಂದಿನ ಮಾತು. ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಹೊಕ್ಕಳ ಮೇಲೆ ನನಗೊಂದು ಗಂಟು ಎದ್ದಿತ್ತು. ಒಂದು ಆಕಳ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿದ್ದ ಕರುವನ್ನು ಎಳೆದ ದಿನ ಅದು ಮೊದಲು ಕಾಣಿಸಿಕೊಂಡಿತು. ಕೆಮ್ಮಿದರೆ ಲಿಂಬೆಹಣ್ಣಿನಷ್ಟು ಹೊರಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಹರ್ನಿಯಾ ಎಂದು ನನಗೇ ಗೊತ್ತಿತ್ತು. ಎರಡು ವರ್ಷ ಸೊಂಟಕ್ಕೆ ಪಟ್ಟಾ ಬಿಗಿದುಕೊಂಡು ಮೋಟಾರ್ ಸೈಕಲ್ ಮೇಲೆ ತಿರುಗಿದೆ. ಒಂದು ದಿನ ಗಂಟು ಒಳಗೆ ಹೋಗಲೇ ಇಲ್ಲ. ಹೆಂಡತಿ ಮಹಾದೇವಿ ಹಟ ಹಿಡಿದಳು. ಹುಮನಾಬಾದಿನ ಒಂದು ಖಾಸಗಿ ದವಾಖಾನೆಗೆ ಸೇರಿದೆ. ಆಪರೇಶನ್ನಿಗೆ ಮೊದಲು ಎಲ್ಲ ಪರೀಕ್ಷೆ ಮಾಡಿದರು. ರಕ್ತ ಸರಿ, ಸಕ್ಕರೆ ಸರಿ, ಹೃದಯದ ಇಸಿಜಿಯೂ ಸರಿ. ಹೊಟ್ಟೆ ಕೊಯ್ದು, ಒಳಗೆ ಜಾಳಿಗೆಯಂಥ ಬಲೆ ಹಾಕಿ, ಹೊಲಿದರು. ಮೂರನೇ ದಿನ ವರಾಂಡದಲ್ಲಿ ಅಡ್ಡಾಡಿದೆ. ನಾಲ್ಕನೇ ದಿನ ಬೆಳಿಗ್ಗೆ ಮನೆಗೆ ಹೋಗಬಹುದು ಎಂದರು.

ಇಲ್ಲಿ ನನ್ನ ಅಕ್ಕನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಪ್ಪ ತೀರಿಕೊಂಡಾಗ ನನಗೆ ಮೂರು ವರ್ಷ, ಅಕ್ಕನಿಗೆ ಹನ್ನೆರಡು. ಅವ್ವ ಕೂಲಿಗೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಮದುವೆಯಾಗಿ ಮಂಠಾಳಕ್ಕೆ ಹೋದಳು, ಈಗಲೂ ಅಲ್ಲೇ ಇದ್ದಾಳೆ. ಬಹಳ ಮಾತಿನವಳಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡಬೇಕೆಂದರೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅಪ್ಪನ ಸಾವಿನ ಬಗ್ಗೆ ನಮ್ಮ ಮನೆಯಲ್ಲಿ ಮಾತು ಬರುತ್ತಿರಲಿಲ್ಲ. ಹೊಟ್ಟೆ ಬ್ಯಾನಿಯಾಗಿ ದವಾಖಾನೆಗೆ ಹೋದರು, ತಿರುಗಿ ಬರಲಿಲ್ಲ. ನನಗೆ ಗೊತ್ತಿದ್ದುದು ಇಷ್ಟೇ. ಈ ಮಾತು ನೆನಪಿಟ್ಟುಕೊಳ್ಳಿ, ಯಾಕೆಂದರೆ ಬಗೆಹರಿಯದ್ದು ಇರುವುದೇ ಇಲ್ಲಿ.

ನಾಲ್ಕನೇ ದಿನ ಬೆಳಿಗ್ಗೆ ಹತ್ತೂವರೆ ಇರಬಹುದು. ನಮ್ಮ ಖೋಲಿಯಲ್ಲಿ ಎರಡು ಮಂಚ. ಪಕ್ಕದ ಮಂಚದಲ್ಲಿ ದುಬಲಗುಂಡಿಯ ಮಾಣಿಕ ಎಂಬ ಕೂಲಿಯವನು ಅಪೆಂಡಿಕ್ಸ್ ಆಪರೇಶನ್ ಆಗಿ ಮಲಗಿದ್ದ. ಅವನ ಹೆಂಡತಿ ಸುಮನಬಾಯಿ ಕೆಳಗೆ ಕುಳಿತು ಮೋಸಂಬಿ ಸುಲಿಯುತ್ತಿದ್ದಳು. ಮಹಾದೇವಿ ಗುಳಿಗೆ ತರಲು ಮತ್ತು ಜೀಪಿನವನನ್ನು ಕರೆಯಲು ಕೆಳಗೆ ಹೋಗಿದ್ದಳು. ಬೆಳಗಿನಿಂದ ನನಗೆ ಹೊಟ್ಟೆ ಉಬ್ಬಿದಂತೆ, ತೇಗು ಬಂದಂತೆ ಆಗುತ್ತಿತ್ತು. ಎಡ ಭುಜ ಸ್ವಲ್ಪ ಭಾರ. ರೌಂಡಿಗೆ ಬಂದ ಸಣ್ಣ ಡಾಕ್ಟರಿಗೆ ಹೇಳಿದ್ದೆ. ಹೊಟ್ಟೆ ಆಪರೇಶನ್ ಆದವರಿಗೆ ಗ್ಯಾಸ್ ಸಹಜ ಎಂದು ಗುಳಿಗೆ ಬರೆದುಕೊಟ್ಟಿದ್ದ. ನನಗೂ ಹಾಗೆಯೇ ಅನಿಸಿತ್ತು. ಎದೆ ನೋವು ಎಳ್ಳಷ್ಟೂ ಇರಲಿಲ್ಲ.

ಅಂಗಿ ಹಾಕಿಕೊಳ್ಳಲು ಮಂಚದ ತುದಿಗೆ ಕುಳಿತೆ. ಎಡಗೈ ಅಂಗಿಯ ತೋಳಿನೊಳಗೆ ಹೋಗಿತ್ತು. ಆಗ ಫೋನು ಬಂತು. ರಿಂಗ್ ಆದದ್ದು ನನಗೆ ನೆನಪಿಲ್ಲ, ಪ್ರಾಮಾಣಿಕವಾಗಿ ಹೇಳುತ್ತಿದ್ದೇನೆ. ಆದರೆ ಕಿವಿಗೆ ಹಿಡಿದದ್ದು ನೆನಪಿದೆ, ಅಕ್ಕನ ದನಿ ನೆನಪಿದೆ, ಆಡಿದ ಒಂದೊಂದು ಮಾತೂ ನೆನಪಿದೆ.

"ತಮ್ಮಾ, ಅಂಗಿ ಹಾಕೋಬ್ಯಾಡ."

"ಯಾಕಕ್ಕಾ? ಮನಿಗಿ ಹೊಂಟೀನಿ."

"ಹೊಂಟೀ ಅಂತಽ ಹೇಳಾಕತ್ತೀನಿ. ಎಡಗಡಿ ಭುಜದ ಮ್ಯಾಲ ಚೀಲ ಇಟ್ಟಂಗ ಆಗ್ಯದೋ ಇಲ್ಲೋ?"

ಆಗಿತ್ತು. ಅವಳು ಹೇಳಿದ ಮೇಲೆ ಅದು ಚೀಲ ಇಟ್ಟ ಹಾಗೆಯೇ ಇದೆ ಎಂದು ಗೊತ್ತಾಯಿತು.

"ಗ್ಯಾಸ್ ಅದ ಅಕ್ಕಾ. ಡಾಕ್ಟರ್ ಸುದ್ದಾ ಅದಽ ಅಂದಾರ."

"ಅಪ್ಪಗೂ ವಾಯು ಅಂದಿದ್ರು. ನಾಕನೇ ದಿನ. ಒಂದು ತೋಳು ಅಂಗಿಯೊಳಗಿತ್ತು, ಒಂದು ಹೊರಗಿತ್ತು. ಸೋಡಾ ಕುಡಸು ಅಂದ್ರು. ಡಾಕ್ಟರನ್ನ ಕರಕೊಂಡು ಬಾ ಅಂತ ಅಪ್ಪ ನನ್ನ ಕಳಿಸಿದ. ನಾ ಬಾಗಲದಾಗ ನಿಂತೆ, ಬಾಯಿ ತಗೀಲಿಲ್ಲ. ನೀ ತಗಿ. ಒದರು. ಎದಿ ನೋಡ್ರಿ ಅನ್ನು. ನೋಡೋತನಕ ಏಳಬ್ಯಾಡ."

ದನಿಯಲ್ಲಿ ಅಳು ಇರಲಿಲ್ಲ. ಸಣ್ಣವನಿದ್ದಾಗ ಬಾವಿ ಕಟ್ಟೆ ಹತ್ತಿದರೆ ಬೈಯುತ್ತಿದ್ದಳಲ್ಲ, ಅದೇ ಬೈಗುಳದ ದನಿ. ನಾನು "ಹ್ಞೂ ಅಕ್ಕಾ, ಹ್ಞೂ" ಎಂದೆ. ಆಮೇಲೆ ದನಿ ನಿಂತಿತು.

ಒದರಿದೆ. ಹೊಟ್ಟೆಯ ಹೊಲಿಗೆ ಹರಿದು ಹೋಗುತ್ತದೇನೋ ಅನ್ನುವಷ್ಟು ಜೋರಾಗಿ ಒದರಿದೆ. ನರ್ಸ್ ಬಂದಳು. ಹಿಂದೆ ಸಣ್ಣ ಡಾಕ್ಟರ್. ನನ್ನ ಹೃದಯದ ಇಸಿಜಿ ತೆಗೆಯಿರಿ ಎಂದೆ.

"ಆಪರೇಶನ್ನಿಗೆ ಮೊದಲ ತಗದೀವಲ್ರಿ ಸರ್, ನಾರ್ಮಲ್ ಅದ. ಡಿಸ್ಚಾರ್ಜ್ ಕಾಗದ ಸುದ್ದಾ ಆಗ್ಯಾವ. ಗಾಬರಿ ಆಗಬ್ಯಾಡ್ರಿ."

"ಮೊದಲಿಂದು ಮೊದಲಿಂದು. ಈಗಿಂದು ತಗೀರಿ."

"ದೊಡ್ಡ ಡಾಕ್ಟರ್ ಆಪರೇಶನ್ನಿನ್ಯಾಗ ಇದ್ದಾರ. ಬಂದ ಮ್ಯಾಲ ಕೇಳೋಣ."

"ಅಲ್ಲಿತನಕ ನಾ ಈ ಮಂಚ ಬಿಡಂಗಿಲ್ಲ. ಯಾರು ಎಬ್ಬಸ್ತೀರಿ ನೋಡ್ತೀನಿ."

ಆ ಹುಡುಗನ ತಪ್ಪು ಅಂತ ನಾನು ಈಗ ಹೇಳುವುದಿಲ್ಲ. ಜೀವನದುದ್ದಕ್ಕೂ ರೈತರು "ಸಾಹೇಬ್ರ, ಇನ್ನೊಮ್ಮೆ ನೋಡ್ರಿ" ಎಂದಾಗ ನಾನೂ ಅವನ ಹಾಗೆಯೇ ಕೈ ತೊಳೆದುಕೊಳ್ಳುತ್ತಿದ್ದೆ. ಅವನು ತಿರುಗಿ ಹೊರಟ. ಅಷ್ಟರಲ್ಲಿ ಸುಮನಬಾಯಿ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಒಂದು ಕೈಯಲ್ಲಿ ಅರ್ಧ ಸುಲಿದ ಮೋಸಂಬಿ, ಇನ್ನೊಂದು ಕೈ ಚೌಕಟ್ಟಿನ ಮೇಲೆ.

"ಅವರು ಕೇಳಿದ್ದು ಮಾಡ್ರಿ, ಆಮ್ಯಾಲ ಹೋಗ್ರಿ," ಎಂದಳು.

"ಬಾಜೂಕ ಸರೀರಿ ಬಾಯಿ. ನಿಮಗೇನು ಗೊತ್ತಾಗ್ತದ?"

"ನನಗೇನೂ ಗೊತ್ತಾಗಂಗಿಲ್ರಿ. ಅದಕ್ಕಽ ಮಶೀನ್ ತರ್ರಿ ಅನ್ನಾಕತ್ತೀನಿ."

ಮಂಚದ ಮೇಲಿನಿಂದ ಮಾಣಿಕ "ಏ, ದಾರಿ ಬಿಡು" ಎಂದು ಹೆದರಿ ಹೇಳಿದ. ಅವಳು ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಹೊಲದ ಕೆಲಸ ಮಾಡಿ ಬಿಸಿಲಿಗೆ ಒಣಗಿದ ಸಣ್ಣ ಆಕಾರದ ಹೆಂಗಸು. ಅವಳನ್ನು ಸರಿಸಿ ಹೋಗುವುದು ಕಷ್ಟವಿರಲಿಲ್ಲ, ಆದರೆ ಯಾರೂ ಸರಿಸಲಿಲ್ಲ. ಕೊನೆಗೆ ನಮ್ಮಿಬ್ಬರ ಕಾಟ ತಪ್ಪಲಿ ಎಂದೇ ಇರಬೇಕು, ಡಾಕ್ಟರ್ ಮಶೀನು ತರಿಸಿದ.

ಕಾಗದದ ಪಟ್ಟಿ ಹೊರಬರತೊಡಗಿತು. ಅದನ್ನು ಓದುವುದು ನನಗೆ ಬಾರದು, ಆದರೆ ಮುಖ ಓದುವುದು ಬರುತ್ತದೆ. ದನ ಉಳಿಯುವುದಿಲ್ಲ ಎಂದು ಗೊತ್ತಾದಾಗ ನನ್ನ ಮುಖ ಹೇಗಾಗುತ್ತಿತ್ತೋ ಆ ಹುಡುಗನ ಮುಖ ಹಾಗಾಯಿತು. ಪಟ್ಟಿ ಹಿಡಿದುಕೊಂಡು ಆಪರೇಶನ್ ಖೋಲಿಯ ಕಡೆ ಓಡಿದ. ಆಮೇಲೆ ನಡೆದದ್ದೆಲ್ಲ ಗಡಿಬಿಡಿ. ನಾಲಿಗೆ ಕೆಳಗೆ ಗುಳಿಗೆ, ಕೈಗೆ ಸೂಜಿ, ಮೂಗಿಗೆ ಆಕ್ಸಿಜನ್. ಮಹಾದೇವಿ ಗುಳಿಗೆಯ ಚೀಲ ಹಿಡಿದು ಒಳಗೆ ಬಂದಾಗ ನನ್ನನ್ನು ಸ್ಟ್ರೆಚರಿಗೆ ಹಾಕುತ್ತಿದ್ದರು. ಹಾರ್ಟ್ ಅಟ್ಯಾಕ್ ಆಗುತ್ತಿದೆ, ತಡ ಮಾಡದೆ ಕಲಬುರಗಿಗೆ ಒಯ್ಯಬೇಕು ಎಂದು ದೊಡ್ಡ ಡಾಕ್ಟರ್ ಅವಳಿಗೆ ಹೇಳಿದ್ದು ಕೇಳಿಸಿತು.

ಆಂಬುಲೆನ್ಸಿನಲ್ಲಿ ಕಮಲಾಪುರ ದಾಟುವ ಹೊತ್ತಿಗೆ ನನ್ನ ಹೃದಯ ತಾಳ ತಪ್ಪಿತಂತೆ. ಕರೆಂಟ್ ಕೊಟ್ಟು ಸರಿ ಮಾಡಿದರಂತೆ. ನನಗೆ ಅದರ ನೆನಪಿಲ್ಲ. ಬೆಳಕು ಕಾಣಲಿಲ್ಲ, ಸುರಂಗ ಕಾಣಲಿಲ್ಲ, ಸತ್ತ ಹಿರಿಯರು ಯಾರೂ ಬಂದು ಕರೆಯಲಿಲ್ಲ. ಸಂಜೆ ಎಚ್ಚರವಾದಾಗ ಎದೆಯೊಳಗೆ ಒಂದು ಸ್ಟೆಂಟ್ ಇತ್ತು. ಕಲಬುರಗಿಯ ಹೃದಯದ ಡಾಕ್ಟರ್ ಸಮಾಧಾನದಿಂದ ವಿವರಿಸಿದರು. ಹೊಟ್ಟೆಯ ಆಪರೇಶನ್ ಆದ ಮೊದಲ ಕೆಲವು ದಿನ ಹೃದಯದ ಮೇಲೆ ಭಾರ ಬೀಳುತ್ತದೆ, ಕೆಲವರಿಗೆ ಹೀಗಾಗುತ್ತದೆ, ಗಾಯದ ನೋವಿಗೆ ಕೊಟ್ಟ ಔಷಧದಿಂದ ಎದೆನೋವು ಗೊತ್ತಾಗುವುದೇ ಇಲ್ಲ. "ನೀವು ಬಸವಕಲ್ಯಾಣದ ದಾರ್‍ಯಾಗ ಇದ್ದಿದ್ರ ಮನಿ ಮುಟ್ಟತಿರಲಿಲ್ರಿ," ಎಂದರು.

ಎರಡನೆಯ ದಿನ ಮಹಾದೇವಿಗೆ ಹೇಳಿದೆ, ಅಕ್ಕ ಫೋನು ಮಾಡಿದ್ದಕ್ಕೆ ಉಳಿದೆ, ಅವಳಿಗೊಮ್ಮೆ ಹಚ್ಚಿಕೊಡು.

ಮಹಾದೇವಿ ನನ್ನ ಮುಖ ನೋಡಿದಳು. "ಯಾವಾಗ ಮಾಡಿದ್ರು?"

"ನೀ ಕೆಳಗ ಹೋದಾಗ."

"ನಿಮ್ಮ ಫೋನ್ ನನ್ನ ಹತ್ರ ಇತ್ತಲ್ರೀ. ನನ್ನದು ಬಂದ್ ಆಗಿತ್ತಂತ ಜೀಪಿನವನಿಗೆ ಹಚ್ಚಾಕ ಒಯ್ದಿದ್ದೆ. ನೀವಽ ಕೊಟ್ಟೀರಿ."

ಕೊಟ್ಟಿದ್ದೆ. ಅವಳು ಹೇಳಿದಾಗ ನೆನಪಾಯಿತು. ಫೋನು ಇಸಿದುಕೊಂಡು ನೋಡಿದೆ. ಆ ದಿನ ಜೀಪಿನವನಿಗೆ ಮಾಡಿದ ಕರೆ ಇತ್ತು. ಅಕ್ಕನಿಂದ ಬಂದದ್ದು ಒಂದೂ ಇರಲಿಲ್ಲ, ಆ ದಿನವೂ ಇಲ್ಲ, ಅದರ ಹಿಂದಿನ ಮೂರು ದಿನವೂ ಇಲ್ಲ.

ನಾನು ಗಾಬರಿಯಾಗಲಿಲ್ಲ. ಡಾಕ್ಟರಿಗೆ ಕೇಳಿದೆ. ಮಿದುಳಿಗೆ ರಕ್ತ ಕಡಿಮೆಯಾದಾಗ ಇಲ್ಲದ ದನಿ ಕೇಳಿಸಬಹುದು, ನಿಮ್ಮ ಮೈಯೇ ನಿಮಗೆ ಎಚ್ಚರಿಕೆ ಕೊಟ್ಟಿದೆ, ಅದಕ್ಕೆ ನಿಮಗೆ ಪ್ರೀತಿಯವರ ದನಿ ಕೊಟ್ಟಿದೆ ಎಂದರು. ಒಪ್ಪಿದೆ. ಬೇರೆಯವರಿಗಾಗಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಒಂದು ತಿಂಗಳು ಆ ಉತ್ತರದ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಮೈ ಸ್ವಲ್ಪ ಸುಧಾರಿಸಿದ ಮೇಲೆ ದುಬಲಗುಂಡಿಗೆ ಹೋದೆ. ಸುಮನಬಾಯಿಗೆ ಕೈ ಮುಗಿಯಬೇಕಿತ್ತು. ಬುದ್ಧನ ಫೋಟೋ ಹಾಕಿದ ಗೋಡೆಯ ಕೆಳಗೆ ಚಾಪೆ ಹಾಸಿ ಕೂರಿಸಿದಳು. ಚಹಾ ಕೊಟ್ಟಳು. ಅಂದು ನನ್ನ ಮಾತು ನಂಬಿ ಯಾಕೆ ಬಾಗಿಲಿಗೆ ನಿಂತೆ ಎಂದು ಕೇಳಿದೆ.

"ನಿಮ್ಮ ಮಾತು ಎಲ್ಲಿ ನಂಬೀನ್ರಿ ಸಾಹೇಬ್ರ," ಎಂದು ನಕ್ಕಳು. "ನೀವು ಖಾಲಿ ಕೈ ಕಿವಿಗಿ ಹಚಗೊಂಡು ಹ್ಞೂ ಅಕ್ಕಾ, ಹ್ಞೂ ಅಕ್ಕಾ ಅನ್ನಾಕತ್ತಿದ್ರಿ. ಕೈಯಾಗ ಫೋನ್ ಇರಲಿಲ್ಲ. ನಿಮ್ಮ ಮಾರಿ ಬೂದಿ ಆಗಿತ್ತು. ಈ ಮನಿಷಾಗ ಏನೋ ಆಗಾಕತ್ತದ ಅಂತ ನಿಂತೆ."

ಇದೂ ಡಾಕ್ಟರ ಮಾತಿಗೆ ಹೊಂದುತ್ತಿತ್ತು. ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಅದೇ ವಾರ ಮಂಠಾಳಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಎದುರಿಗೆ ಕುಳಿತು, ತಮಾಷೆಯ ಹಾಗೆ, ನೀನು ಮಾಡದ ಫೋನಿನಲ್ಲಿ ಏನೇನು ಹೇಳಿದೆ ಗೊತ್ತೇನು ಎಂದು ಶುರು ಮಾಡಿದೆ. ಅಂಗಿಯ ಮಾತು ಬಂದಾಗ ಅವಳ ಕೈ ನಿಂತಿತು. ಸೋಡಾದ ಮಾತು ಬಂದಾಗ ಮೊರ ಪಕ್ಕಕ್ಕೆ ಇಟ್ಟಳು. ಬಾಗಿಲಲ್ಲಿ ನಿಂತು ಬಾಯಿ ತೆಗೆಯಲಿಲ್ಲ ಎಂದ ಮಾತಿಗೆ ಬಂದಾಗ, ಅರವತ್ತೆಂಟು ವರ್ಷದ ನನ್ನ ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಇದು ನಿನಗ ಯಾರ್ ಹೇಳಿದ್ರು?"

"ನೀನಽ."

"ನಾ ಯಾರಿಗೂ ಹೇಳಿಲ್ಲ. ಅವ್ವಗ ಸುದ್ದಾ ಹೇಳಿಲ್ಲ. ನಿಮ್ಮ ಮಾವಗ ಹೇಳಿಲ್ಲ."

ಅಪ್ಪನಿಗೂ ಆಗಿದ್ದು ಹೊಟ್ಟೆಯ ಗಂಟಿನ ಆಪರೇಶನ್ನೇ ಅಂತೆ. ನಾಲ್ಕನೇ ದಿನ ಅವ್ವ ಬಸ್ಸಿನ ಹೊತ್ತು ಕೇಳಲು ಹೋಗಿದ್ದಾಗ ಅಪ್ಪನ ಹತ್ತಿರ ಅಕ್ಕ ಒಬ್ಬಳೇ ಇದ್ದಳು. ಭುಜ ಭಾರ ಎಂದ ಅಪ್ಪ. ಕಂಪೌಂಡರ್ ವಾಯು ಎಂದ. ಅಪ್ಪ ಮಗಳನ್ನು ಡಾಕ್ಟರ ಹತ್ತಿರ ಕಳಿಸಿದ. ಅಲ್ಲಿ ಖೋಲಿಯ ತುಂಬ ದೊಡ್ಡ ಮಂದಿ ಕುಳಿತು ಮಾತಾಡುತ್ತಿದ್ದರು. ಹನ್ನೆರಡು ವರ್ಷದ ಹುಡುಗಿ ಬಾಗಿಲಲ್ಲಿ ನಿಂತಳು. ಯಾರಾದರೂ ಯಾಕೆ ಬಂದೆ ಎಂದು ಕೇಳಿಯಾರು ಎಂದು ಕಾದಳು. ಯಾರೂ ಕೇಳಲಿಲ್ಲ. ತಿರುಗಿ ಬಂದಾಗ ಅಪ್ಪ ಗೋಡೆಗೆ ಒರಗಿದ್ದ, ಒಂದು ತೋಳು ಅಂಗಿಯೊಳಗೆ.

"ನಾ ಡಾಕ್ಟರಿಗಿ ಹೇಳೀನಿ ಅಂತ ಅವ್ವಗ ಸುಳ್ಳು ಹೇಳಿದೆ," ಎಂದಳು ಅಕ್ಕ. ಐವತ್ತಾರು ವರ್ಷ ಅವಳು ಅದನ್ನು ಒಬ್ಬಳೇ ಇಟ್ಟುಕೊಂಡಿದ್ದಳು.

ನಾನು ಆ ದವಾಖಾನೆಯಲ್ಲಿ ಇದ್ದೆನೇ ಎಂದು ಕೇಳಿದೆ. ಇರಲಿಲ್ಲ. ನನಗೆ ಗೋಬರ, ಅಂದರೆ ದಡಾರ, ಎದ್ದು ಅಜ್ಜಿಯ ಊರಿನಲ್ಲಿ ಬಿಟ್ಟಿದ್ದರು. ಹಾಗಾದರೆ ನನಗೆ ಆಪರೇಶನ್ ಆದ ನಾಲ್ಕನೇ ದಿನ ಬೆಳಿಗ್ಗೆ ನಿನಗೇನಾದರೂ ಅನಿಸಿತ್ತೇ, ನನ್ನ ನೆನಪಾಗಿತ್ತೇ ಎಂದು ಕೇಳಿದೆ. ಹೌದು ಎಂದಿದ್ದರೆ ಕತೆಗೆ ಚೆಂದ ಇರುತ್ತಿತ್ತು. ಅಕ್ಕ "ಖರೇ ಹೇಳ್ಲೇನು? ನೀ ಅವತ್ತ ಮನಿಗಿ ಬರ್ತೀ ಅನ್ನೋದಽ ಮರ್ತಿದ್ದೆ. ಗಿರಣಿಗಿ ಹೋಗಿದ್ದೆ," ಎಂದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಫೋನಿನ್ಯಾಗ ನಾ ಅಳಾಕತ್ತಿದ್ನೇನು?"

"ಇಲ್ಲ. ಬೈಯಾಕತ್ತಿದ್ದಿ."

ಅವಳು ಮತ್ತೆ ಮೊರ ಎತ್ತಿಕೊಂಡಳು. ಆದರೆ ಅವಳ ಮುಖದಲ್ಲಿ ಏನೋ ಸಡಿಲಾದದ್ದನ್ನು ನಾನು ನೋಡಿದೆ.

ಸುದ್ದಿ ಮನೆತನದಲ್ಲಿ ಹಬ್ಬಿತು. ಅಪ್ಪನ ಆತ್ಮವೇ ಬಂದು ಎಚ್ಚರಿಸಿತು ಎಂದರು ಕೆಲವರು. ಹಾಗಾದರೆ ಅಪ್ಪ ತನ್ನ ದನಿಯಲ್ಲೇ ಮಾತಾಡಬಹುದಿತ್ತಲ್ಲ, ಅಕ್ಕನ ದನಿ ಯಾಕೆ ಸಾಲ ತಂದ ಎಂದು ಕೇಳಿದೆ. ಹರಕೆ ತೀರಿಸು, ಹಟ ಮಾಡಬೇಡ ಎಂದು ಮಂಠಾಳದ ಮಾವ, ಅಕ್ಕನ ಗಂಡ, ಬೈದರು. ಹೊರದೇ ಇದ್ದ ಹರಕೆಯನ್ನು ನಾನು ತೀರಿಸಲಿಲ್ಲ. ಒಂದು ಕಾಯಿಯನ್ನೂ ಒಡೆಯಲಿಲ್ಲ, ಇವತ್ತಿಗೂ ಒಡೆದಿಲ್ಲ. ಇನ್ನೊಂದು ಕಡೆ ಕಲಬುರಗಿಯ ಡಾಕ್ಟರು, ಸಣ್ಣವರಿದ್ದಾಗ ಯಾರೋ ಆಡಿದ್ದನ್ನು ಕೇಳಿರುತ್ತೀರಿ, ಮನಸ್ಸು ಅದನ್ನು ಇಟ್ಟುಕೊಂಡಿರುತ್ತದೆ ಎಂದರು. ಯಾರು ಆಡಿದ್ದು ಸ್ವಾಮಿ? ಗೊತ್ತಿದ್ದವಳು ಒಬ್ಬಳು, ಅವಳು ಬಾಯಿ ಬಿಟ್ಟಿಲ್ಲ. ಅವರು ನಕ್ಕು ಗುಳಿಗೆಯ ಚೀಟಿ ಕೊಟ್ಟರು. ಗುಳಿಗೆ ತಪ್ಪದೆ ನುಂಗುತ್ತೇನೆ. ಉತ್ತರವನ್ನು ಮಾತ್ರ ನುಂಗಲು ಆಗಿಲ್ಲ. ತಿಳಿಯದ್ದನ್ನು ತಿಳಿಯದು ಎನ್ನಲು ನನಗೆ ನಾಚಿಕೆಯಿಲ್ಲ. ಅದಕ್ಕೆ ಕುಂಕುಮ ಹಚ್ಚುವುದಕ್ಕೂ ನಾನು ತಯಾರಿಲ್ಲ, ಅದನ್ನು ಸುಳ್ಳು ಎಂದು ಅಳಿಸುವುದಕ್ಕೂ ತಯಾರಿಲ್ಲ.

ಅಕ್ಕ ಮಾತ್ರ ಬದಲಾದಳು. ಮಂಠಾಳದಲ್ಲಿ ಓಣಿಯ ಯಾವ ಹೆಂಗಸಿಗೆ ಆರಾಮ ತಪ್ಪಿದರೂ ಈಗ ಜೊತೆಗೆ ಹೋಗುವವಳು ಅವಳೇ. ಡಾಕ್ಟರ ಮುಂದೆ ಕುರ್ಚಿ ಎಳೆದುಕೊಂಡು ಕುಳಿತು, ಹೇಳಿದ್ದನ್ನು ಎರಡು ಸಲ ಹೇಳಿಸಿ, ತಿಳಿಯದಿದ್ದರೆ ಮೂರನೇ ಸಲ ಕೇಳಿ ಏಳುತ್ತಾಳಂತೆ. ಅವಳು ಬಂದರೆ ನರ್ಸುಗಳು ಒಬ್ಬರ ಮುಖ ಒಬ್ಬರು ನೋಡುತ್ತಾರಂತೆ.

ಪರೀಕ್ಷೆ ಮಾಡುವ ಚಟ ನನಗೆ ಹೋಗಿಲ್ಲ. ಹೋದ ವರ್ಷ ಅವಳಿಗೆ ಫೋನು ಮಾಡಿ, ಅವತ್ತಿನ ಮಾತುಗಳನ್ನು ಹಾಳೆಯ ಮೇಲೆ ಬರೆದು ಕಳಿಸುತ್ತೇನೆ, ಮೊಮ್ಮಗಳ ಕಡೆಯಿಂದ ಓದಿಸಿಕೊಂಡು ನೀನು ಒಂದು ಸಲ ನನಗೆ ಫೋನಿನಲ್ಲಿ ಹೇಳು ಎಂದೆ. ನಾನು ಕೇಳಿದ ದನಿ, ಇವಳ ದನಿ ಒಂದೇ ಹೌದೋ ಅಲ್ಲವೋ ಎಂದು ತಾಳೆ ನೋಡಬೇಕಿತ್ತು.

"ಒಂದು ಸರ್ತಿ ಹೇಳೀನಲ್ಲೋ," ಎಂದಳು ಅಕ್ಕ. "ಮತ್ತ ಎಷ್ಟು ಸರ್ತಿ ಹೇಳಬೇಕು?"

ಫೋನು ಇಟ್ಟಳು. ತಮಾಷೆಗೆ ಅಂದಳೋ, ಖರೇನೇ ಅಂದಳೋ, ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.